ಹದಿನಾಲ್ಕನೇ ಪುಟದ ಹಲ್ಲು

ಬಂದರಿನಲ್ಲಿ, ಒಣಮೆಣಸಿನ ಗೋದಾಮಿನ ಮೇಲೆ ನನ್ನ ಕೋಣೆ.
ಬಾಡಿಗೆ ಕಡಿಮೆ, ಸೀನು ಜಾಸ್ತಿ.
ಕೆಳಗೆ ಲಾರಿಯಿಂದ ಚೀಲ ಬಿದ್ದಾಗಲೆಲ್ಲ
ಕುಂಚ ಹಿಡಿದ ಕೈ ಒಮ್ಮೆ ಹಾರುತ್ತದೆ.
ನಾನು ಬಿಡಿಸಿದ ರಾತ್ರಿಗಳನ್ನು ಸರಿಯಾಗಿ ನೋಡಿ,
ಒಂದೆರಡು ನಕ್ಷತ್ರ ಆಕಾಶದವಲ್ಲ,
ಬ್ಯಾಡಗಿಯವು.

ಆ ತಿಂಗಳು ಒಂದೇ ಮೇಜಿನ ಮೇಲೆ
ಒಂದು ಕೊಲೆ, ಮೊಳಕೆಯೊಡೆಯುವ ಅಲಸಂಡೆ ಬೀಜ,
ಹಲಸಿನ ಹಪ್ಪಳದ ಲೇಬಲ್ಲು,
ಮತ್ತೆ ಅಳುವ ಬಂಗುಡೆ.
ಕೊಲೆ ಪತ್ತೇದಾರಿ ಕಾದಂಬರಿಯ ಮುಖಪುಟಕ್ಕೆ.
"ರಕ್ತ ಸಾಲದು ಮೇಡಂ, ಬಸ್‌ಸ್ಟ್ಯಾಂಡಿನಲ್ಲಿ
ಹತ್ತು ಅಡಿ ದೂರಕ್ಕೆ ಕಾಣಬೇಕು."
ಕಾಣುವಷ್ಟು ಸುರಿದೆ.
ಬಟ್ಟಲಲ್ಲಿ ಉಳಿದ ಕೆಂಪನ್ನು ಚೆಲ್ಲಲು ಮನಸ್ಸಾಗದೆ
ಮಕ್ಕಳ ಪುಸ್ತಕದ ಆರನೇ ಪುಟದ ಹುಡುಗಿಗೆ ರಿಬ್ಬನ್ನು ಕಟ್ಟಿದೆ.
ಯಾರಿಗೂ ಹೇಳಿಲ್ಲ.

ಕವಿಯೊಬ್ಬರಿಗೆ ಏನೂ ಇಲ್ಲದ ಮುಖಪುಟ ಬೇಕಿತ್ತು.
ಏನೂ ಇಲ್ಲದ್ದನ್ನು ಹನ್ನೊಂದು ಸಲ ಬಿಡಿಸಿದೆ.
ಏಳನೆಯದಕ್ಕೆ "ಇದರಲ್ಲಿ ಇಲ್ಲದಿರುವುದು ಸ್ವಲ್ಪ ಹೆಚ್ಚಾಯಿತು" ಎಂದರು.
ಕೊನೆಗೆ ಒಪ್ಪಿದ್ದು ಮೊದಲನೆಯದನ್ನೇ.

ಬಂಗುಡೆಯದು ಬೇರೆ ಕಥೆ.
ಧಕ್ಕೆಯಿಂದ ಬುಟ್ಟಿ ಹೊತ್ತು ಬರುವ ಸುಗಂಧಿಯಕ್ಕ
ಕಾಗದಕ್ಕೆ ತಾಗದಂತೆ ಸೆರಗು ಹಿಂದೆ ಹಿಡಿದು, ಬಗ್ಗಿ ನೋಡಿ
"ಇದೆಂಥ, ಬೂತಾಯಿಯಾ?" ಎಂದಳು.
ಬೆನ್ನ ಮೇಲಿನ ಅಲೆಗೆರೆ ಮರೆತಿದ್ದೆ.
ಇಷ್ಟು ವರ್ಷ ತಿಂದದ್ದನ್ನು ನಾನು ನೋಡಿಯೇ ಇರಲಿಲ್ಲ.
ಒಂದು ಮೀನು ಬಿಟ್ಟು ಹೋದಳು:
"ನೋಡಿ ಬರೀರಿ, ಆಮೇಲೆ ಸಾರು ಮಾಡಿ."
ಬಣ್ಣ ಒಣಗುವ ಮೊದಲೇ ಮೀನಿನ ಹೊಳಪು ಒಣಗುತ್ತದೆ,
ಆ ದಿನ ಗೊತ್ತಾಯಿತು.

ಹುಡುಗಿ ಮಾತ್ರ ನಿಜದವಳು.
ಗೋದಾಮಿನ ರೈಟರ್ ಇದಿನಬ್ಬರ ಮೊಮ್ಮಗಳು ರಿಫಾ
ಶಾಲೆ ಬಿಟ್ಟ ಮೇಲೆ ಮೆಟ್ಟಿಲು ಹತ್ತಿ ಬಂದು
ಒಂದು ಕಡಲೆಚಿಕ್ಕಿಗೆ ಒಂದು ಭಂಗಿ ನಿಲ್ಲುತ್ತಾಳೆ.
ಇದುವರೆಗೆ ರಾಜಕುಮಾರಿಯಾಗಿದ್ದಾಳೆ, ಎರಡು ಸಲ ಹುಡುಗ,
ಒಮ್ಮೆ ಕೊಕ್ಕರೆ. ಕೊಕ್ಕರೆಗೆ ಎರಡು ಚಿಕ್ಕಿ ಕೇಳಿದಳು,
ಒಂಟಿ ಕಾಲಲ್ಲಿ ನಿಲ್ಲಬೇಕಿತ್ತಲ್ಲ.

ಹದಿಮೂರು ಪುಟ ಮುಗಿದಾಗ ನನಗೆ ಜ್ವರ,
ಆಮೇಲೆ ಪಾಠಪುಸ್ತಕದವರ ಬೀಜದ ಅವಸರ.
ಮತ್ತೆ ಕೂತಾಗ ಅವಳ ಮುಂದಿನ ಹಲ್ಲು ಇರಲಿಲ್ಲ.
ಇದ್ದದ್ದನ್ನು ಬರೆದೆ. ಇಲ್ಲದ್ದನ್ನೂ.

ಧಾರವಾಡದಿಂದ ಲೇಖಕರ ಫೋನು:
"ನನ್ನ ಕಥೀಯೊಳಗ ಎಲ್ಲೂ ಹಲ್ಲು ಬೀಳೂದಿಲ್ಲರೀ."
ಹೌದು ಸರ್, ಎಂದೆ. ಹದಿನಾಲ್ಕರಲ್ಲಿ ಬಿದ್ದಿದೆ.
ಅವರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ
ಹುಡುಗಿಯ ಬಣ್ಣ ಒಂದೀಟು ತಿಳಿ ಮಾಡಬಹುದೇನು ಎಂದು ಕೇಳಿದರು.
ಆಗ ನಾನು ಸುಮ್ಮನಿದ್ದೆ.

ಪುಸ್ತಕ ಬಂತು. ಅಚ್ಚಿನಲ್ಲಿ ನೀಲಿ ಒಂದು ಕೂದಲೆಳೆ ಪಕ್ಕಕ್ಕೆ ಸರಿದು
ಸಮುದ್ರ ದಡ ಬಿಟ್ಟು ಕೂತಿತ್ತು. ನನ್ನ ಹೆಸರು
ಬೆಲೆಯ ಕೆಳಗೆ, ಇರುವೆಯ ಗಾತ್ರದಲ್ಲಿ,
ಒಂದು ಒತ್ತಕ್ಷರ ಕಳೆದುಕೊಂಡು.
ಉಡುಪಿಯ ಶಾಲೆಯೊಂದರಿಂದ ಮೂವತ್ತು ಪೋಸ್ಟ್‌ಕಾರ್ಡು.
ಬಂಗುಡೆ ಯಾಕೆ ಅತ್ತಿತು ಎಂದು ಒಬ್ಬರೂ ಕೇಳಿರಲಿಲ್ಲ.
ಹಲ್ಲು ಎಲ್ಲಿ ಹೋಯಿತು, ಯಾರು ತೆಗೆದರು,
ಮೀನು ನುಂಗಿತಾ, ಹೊಸತು ಬಂತಾ.

ರಿಫಾ ಎಲ್ಲವನ್ನೂ ಓದಿಸಿ ಕೇಳಿದಳು. ಕೆಳಗಿಳಿದು ಹೋಗಿ
ಬೆಂಕಿಪೊಟ್ಟಣ ತಂದಳು. ಒಳಗೆ ಹತ್ತಿ,
ಹತ್ತಿಯೊಳಗೆ ಅದು.
"ಇಷ್ಟೇ ಇರುವುದು. ಇಷ್ಟೇ ದೊಡ್ಡದು ಬರೀಬೇಕು."

ಅಂದಿನಿಂದ ಬರೆಯುತ್ತಿದ್ದೇನೆ, ಎಲ್ಲಾದರೊಂದು ಕಡೆ, ನಿಜದ ಅಳತೆಗೆ.
ಹಪ್ಪಳದ ಹೊಸ ಲೇಬಲ್ಲಿನಲ್ಲಿ ಹಲಸಿನ ಮುಳ್ಳುಗಳ ನಡುವೆ,
ಆರನೇ ತರಗತಿಯ ಬೇರಿನ ಹತ್ತಿರ,
ಕವಿಯ ಮುಂದಿನ ಏನೂ ಇಲ್ಲದ್ದರಲ್ಲಿ ಕೂಡ, ಬಿಳಿಯ ಮೇಲೆ ಬಿಳಿ.

ನಿನ್ನೆ ಪತ್ತೇದಾರಿಯವರ ಫೋನು, ಎರಡನೇ ಭಾಗದ್ದು.
ಹೆಣದ ಪಕ್ಕ, ಕಿಟಕಿಯ ಕೆಳಗೆ,
ಏನೋ ಬಿಳಿ ಚುಕ್ಕಿ ಇದೆಯಲ್ಲ ಮೇಡಂ, ಅದು ಸುಳಿವಾ?
ಮೆಣಸು, ಎಂದೆ.
ಇಲ್ಲಿ ಗಾಳಿಯೇ ಹಾಗೆ.